ದಪ್ಪ ಸದ್ದನ್ನು ರೆಕಾರ್ಡ್ ಮಾಡುವುದು ಹೇಗೆ: ಮೈಕ್‌ಗಿಂತ ಮೊದಲು ಕಿವಿ ಪರೀಕ್ಷೆ

ಮೂರು ವರ್ಷದ ಹಿಂದೆ ಶಿವಮೊಗ್ಗ ಕಡೆಯ ಒಂದು ಹಳ್ಳಿಯ ಜಾತ್ರೆಯಲ್ಲಿ ಡೊಳ್ಳು ಕುಣಿತ ರೆಕಾರ್ಡ್ ಮಾಡಿದೆ. ಹನ್ನೆರಡು ಜನರ ತಂಡ. ಎದುರಿಗೆ ನಿಂತರೆ ಪೆಟ್ಟು ಕಿವಿಗಿಂತ ಜಾಸ್ತಿ ಎದೆಗೆ ಬೀಳುತ್ತಿತ್ತು. ಹೆಡ್‌ಫೋನ್ ಹಾಕಿಕೊಂಡು ನೋಡಿದೆ, ಸದ್ದು ಗುಡುಗಿದ ಹಾಗೆ ಬರುತ್ತಿತ್ತು. ಖುಷಿಯಿಂದ ಮನೆಗೆ ಬಂದೆ.

ವಾರ ಬಿಟ್ಟು ತಂಡದ ಹಿರಿಯರಿಗೆ ಅದನ್ನು ಕೇಳಿಸಿದೆ. ಅವರು ಅರ್ಧ ನಿಮಿಷ ಕೇಳಿ, "ಇದೇನ್ ಸ್ವಾಮಿ, ತಗಡಿನ ಡಬ್ಬ ಬಡಿದಂಗೈತೆ. ನಮ್ ಡೊಳ್ಳು ಎಲ್ಲಿ ಹೋತು ಇದ್ರಾಗೆ?" ಅಂದರು.

ಡೊಳ್ಳು ಹೋಗಿದ್ದು ರೆಕಾರ್ಡರ್‌ನ ಒಂದು ಸಣ್ಣ ಸ್ವಿಚ್ಚಿನಲ್ಲಿ. ಲೋ ಕಟ್ ಆನ್ ಆಗಿತ್ತು. 80 ಹರ್ಟ್ಜ್‌ಗಿಂತ ಕೆಳಗಿನ ದಪ್ಪ ಸದ್ದನ್ನೆಲ್ಲ ಅದು ಸೋಸಿ ಎಸೆದಿತ್ತು. ಹಾಗಾದರೆ ಅಲ್ಲಿ ನಿಂತಾಗ ಹೆಡ್‌ಫೋನ್‌ನಲ್ಲಿ ಗುಡುಗು ಕೇಳಿಸಿದ್ದು ಹೇಗೆ? ಅದು ಹೆಡ್‌ಫೋನ್‌ನಿಂದ ಬಂದ ಸದ್ದೇ ಅಲ್ಲ. ಎದುರಿಗಿದ್ದ ನಿಜವಾದ ಡೊಳ್ಳಿನ ಸದ್ದು ಹೆಡ್‌ಫೋನ್‌ನ ಮೆತ್ತೆ ದಾಟಿ, ಮೈ ದಾಟಿ ಒಳಗೆ ಬರುತ್ತಿತ್ತು. ದಪ್ಪ ಸದ್ದಿಗೆ, ಅಂದರೆ ಬೇಸ್‌ಗೆ, ಸ್ಪಂಜಿನ ಮೆತ್ತೆ ಯಾವ ಲೆಕ್ಕ?

ಆಮೇಲೆ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಮೈಕ್ ಕೊಳ್ಳುವ ಮೊದಲು ಕಿವಿಯ ಅಳತೆ ತೆಗೆದುಕೊಳ್ಳಿ ಎನ್ನುವುದು ನನ್ನ ಮೊದಲ ಮಾತು. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಹೆಜ್ಜೆ 1: ಮನೆಯವರ ಕಿವಿಗಳನ್ನು ಅಳೆಯಿರಿ

ಮನುಷ್ಯರ ಕಿವಿ 20 ಹರ್ಟ್ಜ್‌ನಿಂದ 20,000 ಹರ್ಟ್ಜ್‌ವರೆಗೆ ಕೇಳುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಗಾಳಿ ಅದುರುತ್ತದೋ ಅಷ್ಟು ಹರ್ಟ್ಜ್. ಆದರೆ ಪಾಠದಲ್ಲಿದ್ದ ಆ ಕಿವಿ ಯಾರದೂ ಅಲ್ಲ. ನಿಮ್ಮದು ಎಷ್ಟು ಅಂತ ಹತ್ತು ನಿಮಿಷದಲ್ಲಿ ನೋಡಿಕೊಳ್ಳಬಹುದು.

ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ಜನರೇಟ್ ಮೆನುವಿನಲ್ಲಿ ಟೋನ್ ಎಂದಿದೆ. ಸೈನ್ ಆರಿಸಿ, ಫ್ರೀಕ್ವೆನ್ಸಿ ಬರೆದರೆ ಅಷ್ಟೇ ಹರ್ಟ್ಜ್‌ನ ಸದ್ದು ತಯಾರಾಗುತ್ತದೆ. 1,000, 8,000, 10,000, 12,000, ಅಲ್ಲಿಂದ ಸಾವಿರ ಸಾವಿರ ಏರಿಸುತ್ತಾ 18,000ದವರೆಗೆ. ಪ್ರತಿಯೊಂದೂ ಮೂರು ಸೆಕೆಂಡ್ ಸಾಕು. ಶುರುವಿಗೂ ಕೊನೆಗೂ ಫೇಡ್ ಹಾಕಲೇಬೇಕು, ಅಂದರೆ ಸದ್ದು ಮೆಲ್ಲಗೆ ಏರಿ ಮೆಲ್ಲಗೆ ಇಳಿಯಬೇಕು. ಇಲ್ಲದಿದ್ದರೆ ಸದ್ದು ಶುರುವಾಗುವಾಗ 'ಟಕ್' ಅನ್ನುತ್ತದೆ, ನೀವು ಆ ಟಕ್ ಕೇಳಿ "ಹಾಂ, ಕೇಳಿಸಿತು" ಅಂತೀರಿ.

ವೈರ್ ಇರುವ ಹೆಡ್‌ಫೋನ್ ಬಳಸಿ. ಬ್ಲೂಟೂತ್‌ನಲ್ಲಿ ಮೇಲಿನ ತುದಿ ದಾರಿಯಲ್ಲೇ ಉದುರಿ ಹೋಗಿರಬಹುದು. ಇಂಟರ್‌ನೆಟ್‌ನಲ್ಲಿ ಸಿಗುವ "ನಿಮ್ಮ ಕಿವಿಯ ವಯಸ್ಸೆಷ್ಟು" ವಿಡಿಯೊಗಳನ್ನು ನಾನು ನಂಬುವುದಿಲ್ಲ. ಆಡಿಯೊವನ್ನು ಹಿಂಡಿ ಚಿಕ್ಕದು ಮಾಡುವಾಗ ಮೊದಲು ಹೋಗುವುದೇ ಆ ತುದಿ.

1,000 ಹರ್ಟ್ಜ್ ಹಾಕಿ, ಮೆಲ್ಲಗೆ ಆದರೆ ಸ್ಪಷ್ಟವಾಗಿ ಕೇಳುವಷ್ಟು ವಾಲ್ಯೂಮ್ ಇಟ್ಟುಕೊಳ್ಳಿ. ಆಮೇಲೆ ವಾಲ್ಯೂಮ್ ಮುಟ್ಟಲೇಬೇಡಿ. ಕೇಳಿಸಲಿಲ್ಲ ಅಂತ ಏರಿಸಿದರೆ ಅಪಾಯ. ನಿಮಗೆ ಕೇಳಿಸದಿದ್ದರೂ ಒತ್ತಡ ಕಿವಿಗೆ ಬೀಳುತ್ತಲೇ ಇರುತ್ತದೆ. ಕಂಪ್ಯೂಟರ್ ಕಡೆ ಬೆನ್ನು ಹಾಕಿ ಕುಳಿತು, ಬೇರೆಯವರ ಕೈಯಲ್ಲಿ ಪ್ಲೇ ಮಾಡಿಸಿ. ನಡುನಡುವೆ ಅವರು ಏನೂ ಹಾಕದೆ ಸುಮ್ನೆ "ಈಗ?" ಅಂತ ಕೇಳಬೇಕು. ಬಹಳ ಜನ ಆ ಖಾಲಿಗೂ ಕೈ ಎತ್ತುತ್ತಾರೆ. ನಾನೂ ಎತ್ತಿದೆ.

ನಮ್ಮ ಮನೆಯ ಫಲಿತಾಂಶ ಹೀಗಿತ್ತು. ಮಗಳಿಗೆ 14 ವರ್ಷ, 17,000 ಸಲೀಸು. ನನಗೆ 49, 13,000ಕ್ಕೆ ಬಾಗಿಲು ಮುಚ್ಚಿತು. ಅಪ್ಪನಿಗೆ 77, 8,000ವೇ ಇಲ್ಲ. "ನೀವೆಲ್ಲ ಸೇರಿ ನಾಟಕ ಆಡ್ತಿದ್ದೀರಾ?" ಅಂತ ನಮ್ಮನ್ನೇ ಅನುಮಾನಿಸಿದರು.

ಈಗ ಕೆಳಗಿಳಿಯಿರಿ. 100, 80, 60, 50, 40, 30, 20. ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಇದಕ್ಕೆ ಬೇಕು. ಫೋನಿನ ಸ್ಪೀಕರ್ ಇಲ್ಲಿ ಪ್ರಯೋಜನವಿಲ್ಲ. ಒಂದು ಮೋಸ ಇದೆ, ಹುಷಾರು. 30 ಹರ್ಟ್ಜ್ ಹಾಕಿದಾಗ 'ಬರ್‌ರ್' ಅನ್ನುವ ಸದ್ದು ಬಂದರೆ ಅದು 30 ಅಲ್ಲ, ಹೆಡ್‌ಫೋನ್ ತಿಣುಕುತ್ತಾ ಹುಟ್ಟಿಸಿದ 60, 90, 120. ನಿಜವಾದ 30 ಹರ್ಟ್ಜ್‌ಗೆ ಅಂಚೇ ಇರುವುದಿಲ್ಲ. ಕಿವಿಯ ಮೇಲೆ ಯಾರೋ ಅಂಗೈ ಒತ್ತಿ ಬಿಟ್ಟ ಹಾಗಿರುತ್ತದೆ.

ಈ ಸುತ್ತಿನಲ್ಲಿ ಮೂವರ ಉತ್ತರವೂ ಹೆಚ್ಚುಕಡಿಮೆ ಒಂದೇ. 40 ಹರ್ಟ್ಜ್ ಮೂವರಿಗೂ ಮಂಕಾಗಿ ಕೇಳಿಸಿತು. 20 ಯಾರಿಗೂ ಕೇಳಿಸಲಿಲ್ಲ.

ವಯಸ್ಸು ಕದಿಯುವುದು ಯಾವ ತುದಿಯನ್ನು?

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಒಂದು ಸುರುಳಿ ಇದೆ. ಎರಡೂವರೆ ಸುತ್ತು, ಬಿಚ್ಚಿ ಹಾಸಿದರೆ ಸುಮಾರು 35 ಮಿಲಿಮೀಟರ್. ಅದರ ಬಾಗಿಲ ಹತ್ತಿರದ ಭಾಗ ಕೀರಲು ಸದ್ದಿಗೆ, ತುತ್ತತುದಿ ದಪ್ಪ ಸದ್ದಿಗೆ ಸ್ಪಂದಿಸುತ್ತದೆ. ಸದ್ದಿನ ಅಲೆ ಈ ಸುರುಳಿಯಲ್ಲಿ ಹೇಗೆ ಸಾಗುತ್ತದೆ ಎಂದು ತೋರಿಸಿದ್ದಕ್ಕೆ ಜಾರ್ಜ್ ಫಾನ್ ಬೇಕೇಶಿಗೆ 1961ರಲ್ಲಿ ನೊಬೆಲ್ ಬಂತು.

ಸುರುಳಿಯ ಉದ್ದಕ್ಕೂ ಕೂದಲಿನಂಥ ಎಳೆಗಳಿರುವ ಜೀವಕೋಶಗಳಿವೆ. ಪ್ರತಿ ಕಿವಿಯಲ್ಲಿ ಹದಿನೈದು ಸಾವಿರದಷ್ಟು. ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕೋಳಿಗೆ ಮತ್ತೆ ಹುಟ್ಟುತ್ತವೆ, ನಮಗಿಲ್ಲ! ವಯಸ್ಸಾದಂತೆ ಬಾಗಿಲ ಬಳಿಯವೇ ಮೊದಲು ಸೋಲುತ್ತವೆ. ಹಾಗಾಗಿ ಮೇಲಿನ ತುದಿ ಮೊದಲು ಹೋಗುತ್ತದೆ. ಇಪ್ಪತ್ತು ದಾಟುತ್ತಿದ್ದಂತೆ ಇದು ಶುರು. ಹದಿಹರೆಯದಲ್ಲಿ 17–18 ಸಾವಿರ ಕೇಳಿಸಿದವರಿಗೆ ಐವತ್ತರ ಹೊತ್ತಿಗೆ 12–13 ಸಾವಿರ ಉಳಿದಿದ್ದರೆ ಅದು ಮಾಮೂಲು. ಗಂಡಸರಿಗೆ ಸಾಮಾನ್ಯವಾಗಿ ಸ್ವಲ್ಪ ಬೇಗ.

ಹಳೆಯ ಡಬ್ಬ ಟಿವಿ ನೆನಪಿದೆಯಾ? ಪಕ್ಕದ ಕೋಣೆಯಲ್ಲಿ ಸೌಂಡ್ ಕಡಿಮೆ ಮಾಡಿ ಹಾಕಿದರೂ "ಟಿವಿ ಹಾಕಿದ್ದಾರೆ" ಅಂತ ಮಕ್ಕಳಿಗೆ ಗೊತ್ತಾಗುತ್ತಿತ್ತು. ಆಗ ನಮ್ಮ ದೇಶದ ಟಿವಿಯ ಚಿತ್ರದಲ್ಲಿ 625 ಗೆರೆ, ಸೆಕೆಂಡಿಗೆ 25 ಚಿತ್ರ. ಗುಣಿಸಿದರೆ 15,625. ಟಿವಿಯ ಒಳಗಿನ ಒಂದು ಟ್ರಾನ್ಸ್‌ಫಾರ್ಮರ್ ಸರಿಯಾಗಿ ಅಷ್ಟೇ ಹರ್ಟ್ಜ್‌ನಲ್ಲಿ ಕಿರುಗುಟ್ಟುತ್ತಿತ್ತು. ಅಪ್ಪಂದಿರಿಗೆ ಅದು ಕೇಳುತ್ತಿರಲಿಲ್ಲ. ಆಗ ನಾನು ಕೇಳುವ ಕಡೆ ಇದ್ದೆ.

2005ರಲ್ಲಿ ವೇಲ್ಸ್‌ನ ಹೊವರ್ಡ್ ಸ್ಟೇಪಲ್ಟನ್ ಇದನ್ನೇ ಯಂತ್ರ ಮಾಡಿದರು. ಹೆಸರು ಮಸ್ಕಿಟೊ. ಅಂಗಡಿ ಮುಂದೆ ಗುಂಪು ಸೇರುವ ಹುಡುಗರನ್ನು ಓಡಿಸಲು 17.4 ಕಿಲೋಹರ್ಟ್ಜ್‌ನ ಸದ್ದು. ದೊಡ್ಡವರಿಗೆ ಏನೂ ಕೇಳದು. ಹುಡುಗರೇನು ಕಡಿಮೆಯೇ? ಅದೇ ಸದ್ದನ್ನು ರಿಂಗ್‌ಟೋನ್ ಮಾಡಿಕೊಂಡರು, ಕ್ಲಾಸಿನಲ್ಲಿ ಫೋನ್ ಬಡಿದುಕೊಂಡರೂ ಮೇಷ್ಟ್ರಿಗೆ ಗೊತ್ತಾಗದಂತೆ. ಆ ಯಂತ್ರ ನನಗೆ ಒಂಚೂರೂ ಹಿಡಿಸುವುದಿಲ್ಲ, ಹುಡುಗರ ಉತ್ತರ ಮಾತ್ರ ಬಹಳ ಇಷ್ಟ.

ಮೇಲಿನ ತುದಿ ಹೋದದ್ದು ಮೊದಮೊದಲು ಯಾರಿಗೂ ತಿಳಿಯುವುದಿಲ್ಲ. ಅದು ಇಳಿದಿಳಿದು 4,000–8,000ಕ್ಕೆ ಬಂದಾಗ ಮನೆಯಲ್ಲಿ ಜಗಳ ಶುರುವಾಗುತ್ತದೆ. ಸ, ಶ, ತ, ಕ ಮುಂತಾದ ವ್ಯಂಜನಗಳ ಗುರುತು ಹೆಚ್ಚಾಗಿ ಮೇಲಿನ ಫ್ರೀಕ್ವೆನ್ಸಿಗಳಲ್ಲೇ ಇರುತ್ತದೆ. ಸ್ವರಗಳ ಬಲ ಕೆಳಗೆ. "ಸಾರು" ಅಂದರೂ "ಕಾರು" ಅಂದರೂ ಅಪ್ಪನಿಗೆ ಕೇಳುವುದು ಆರು. "ಕೇಳ್ಸುತ್ತೆ ಕಣೋ, ಏನಂತ ಗೊತ್ತಾಗಲ್ಲ" ಎನ್ನುವ ಅವರ ದೂರು ಅಕ್ಷರಶಃ ನಿಜ. ಅಂಥವರ ಮುಂದೆ ಕಿರುಚಬೇಡಿ. ಕಿರುಚಿದರೆ ಸ್ವರ ಮಾತ್ರ ದೊಡ್ಡದಾಗುತ್ತದೆ. ಎದುರಿಗೆ ಬಂದು ನಿಧಾನವಾಗಿ ಹೇಳಿ. ಆಮೇಲೆ ಒಂದು ಆಡಿಯೋಗ್ರಾಮ್ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯಂಥ ಕಡೆ 250ರಿಂದ 8,000 ಹರ್ಟ್ಜ್‌ವರೆಗೆ ಸರಿಯಾಗಿ ಅಳೆಯುತ್ತಾರೆ. ಮನೆಯ ಪರೀಕ್ಷೆ ಆಟ, ಅದು ಪರೀಕ್ಷೆ. ಒಂದೇ ದಿನದಲ್ಲಿ ಒಂದು ಕಿವಿ ಮುಚ್ಚಿಹೋದ ಹಾಗಾದರೆ ಮಾತ್ರ ಕಾಯಬೇಡಿ, ಅವತ್ತೇ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ.

ಇನ್ನು ಕೆಳಗಿನ ತುದಿ. ಇದು ಯಾರೂ ಕದ್ದದ್ದಲ್ಲ, ಹುಟ್ಟಿನಿಂದಲೇ ಮಂದ. 18ರಿಂದ 25 ವರ್ಷದ ಆರೋಗ್ಯವಂತ ಕಿವಿಗಳನ್ನು ಇಟ್ಟುಕೊಂಡು ಮಾಡಿದ ಅಂತರರಾಷ್ಟ್ರೀಯ ಮಾನದಂಡವಿದೆ. ಅದರ ಪ್ರಕಾರ 1,000 ಹರ್ಟ್ಜ್‌ನ ಸದ್ದು ಕೇಳಿಸಲು 2–3 ಡೆಸಿಬೆಲ್ (ಸದ್ದಿನ ಜೋರಿನ ಅಳತೆ) ಸಾಕು. 100ಕ್ಕೆ ಸುಮಾರು 27 ಬೇಕು. 50ಕ್ಕೆ 44. 20 ಹರ್ಟ್ಜ್‌ಗೆ 78! ಎಳೆಯ ಕಿವಿಗೂ ಇದೇ ಗತಿ. ಹಾಗಾಗಿ ದಪ್ಪ ಸದ್ದಿನ ಕೆಲಸದಲ್ಲಿ ಯಾರ ಕಿವಿಯನ್ನೂ ನಂಬುವ ಹಾಗಿಲ್ಲ. ಕಣ್ಣನ್ನು ನಂಬಬೇಕು. ಕಿವಿ ಬೇಕಾಗುವುದು ಮೇಲಿನ ತುದಿಯ ಕಸ ಹುಡುಕಲು, ಅದೂ ಎಳೆಯ ಕಿವಿ.

ಹೆಜ್ಜೆ 2: ಸದ್ದು ಎಲ್ಲೆಲ್ಲಿ ಸೋರುತ್ತದೆ, ನೋಡಿ

ಮೈಕ್‌ನಿಂದ ಫೈಲ್‌ವರೆಗೆ ದಪ್ಪ ಸದ್ದಿಗೆ ನಾಲ್ಕೈದು ಗೇಟುಗಳಿವೆ. ಎಲ್ಲ ಕಡೆಯೂ ಅದನ್ನು ಹೊರಗೆ ತಳ್ಳಲು ಕಾವಲುಗಾರರು ನಿಂತಿರುತ್ತಾರೆ. ಗಾಳಿಯ ಗದ್ದಲ, ಮೈಕ್ ಹಿಡಿದ ಕೈಯ ಸದ್ದು ಎಲ್ಲ ಅಲ್ಲೇ ಇರುವುದರಿಂದ ಮಾತು ರೆಕಾರ್ಡ್ ಮಾಡುವವರಿಗೆ ಅದು ಬೇಡ. ನಮಗೆ ಅದೇ ಬೇಕು.

ಮೊದಲ ಕಾವಲುಗಾರ ನನಗೆ ಕೈಕೊಟ್ಟ ಲೋ ಕಟ್. ಮೈಕ್ ಮೇಲೆ ಇದ್ದರೆ ಎಡತುದಿ ಕೆಳಗೆ ಬಾಗಿದ ಒಂದು ಗೆರೆಯ ಚಿತ್ರ ಇರುತ್ತದೆ. ರೆಕಾರ್ಡರ್‌ನಲ್ಲಿ ಮೆನುವಿನ ಒಳಗಿರಬಹುದು. ಎರಡೂ ಕಡೆ ಆಫ್ ಮಾಡಿ. ಪ್ರತಿ ಸಲ ನೋಡಿ. ನನ್ನ ರೆಕಾರ್ಡರ್‌ನ ಆ ಸ್ವಿಚ್ಚಿನ ಮೇಲೆ ಈಗ ಬ್ಯಾಂಡೇಜ್ ಪಟ್ಟಿ ಅಂಟಿಸಿದ್ದೇನೆ.

ಎರಡನೆಯದು ಮೈಕ್‌ನ ಜಾತಿ. ಹಾಡುವವರು ಕೈಯಲ್ಲಿ ಹಿಡಿಯುವ ಮೈಕ್ ಮುಂದಿನಿಂದ ಬಂದದ್ದನ್ನೇ ಹೆಚ್ಚಾಗಿ ಹಿಡಿಯುತ್ತದೆ. ಅದಕ್ಕೆ ಕಾರ್ಡಿಯಾಯ್ಡ್ ಎನ್ನುತ್ತಾರೆ. ಎಲ್ಲ ವೇದಿಕೆಗಳಲ್ಲೂ ಕಾಣುವ ಎಸ್‌ಎಂ58 ಮೈಕ್‌ಗೆ ತಯಾರಕರೇ ಹೇಳುವ ಮಿತಿ 50ರಿಂದ 15,000 ಹರ್ಟ್ಜ್. ಈ ಜಾತಿಯ ಮೈಕ್ ದೂರದ ಬೇಸನ್ನು ಕಡಿಮೆ ಹಿಡಿಯುತ್ತದೆ, ತೀರಾ ಹತ್ತಿರದ್ದನ್ನು ಇದ್ದುದಕ್ಕಿಂತ ಜಾಸ್ತಿ ಮಾಡಿ ತೋರಿಸುತ್ತದೆ. ಅಂದರೆ ಎರಡೂ ಕಡೆ ಸುಳ್ಳು. ನಿಮಗೆ ಬೇಕಾದ್ದು ಎಲ್ಲ ದಿಕ್ಕಿನಿಂದಲೂ ಹಿಡಿಯುವ ಓಮ್ನಿ ಮೈಕ್. ಒಳ್ಳೆಯ ಓಮ್ನಿ 20 ಹರ್ಟ್ಜ್ ಹತ್ತಿರದವರೆಗೂ ಇಳಿಯುತ್ತದೆ. ಕಾಲರಿಗೆ ಸಿಕ್ಕಿಸುವ ಸಣ್ಣ ಮೈಕ್‌ಗಳು ಹೆಚ್ಚಿನವು ಓಮ್ನಿ. ಕಡಿಮೆ ದುಡ್ಡಿನಲ್ಲಿ ಶುರು ಮಾಡುವವರಿಗೆ ಅವೇ ಸಾಕು.

ಮೂರನೆಯದು ಕಣ್ಣಿಗೆ ಕಾಣದ್ದು. ಮೈಕ್‌ಗೂ ರೆಕಾರ್ಡರ್‌ಗೂ ನಡುವೆ ಕೆಪಾಸಿಟರ್ ಎಂಬ ಒಂದು ಸಣ್ಣ ಬಿಡಿಭಾಗ ಕೂತಿರುತ್ತದೆ. ನೀವೇ ಮೈಕ್ ಕಟ್ಟುವವರಾದರೆ ಇದು ಮುಖ್ಯ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಎಲೆಕ್ಟ್ರೆಟ್ ಕ್ಯಾಪ್ಸೂಲ್ (ಮೈಕ್‌ನಲ್ಲಿ ಸದ್ದು ಹಿಡಿಯುವ ಭಾಗ) ಪುಡಿಗಾಸಿಗೆ ಸಿಗುತ್ತದೆ. ಅದಕ್ಕೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿ, ಮುಂದಿನ ಸರ್ಕ್ಯೂಟಿನ ರೆಸಿಸ್ಟೆನ್ಸ್ 10 ಕಿಲೋಓಮ್ ಇದ್ದರೆ ಸುಮಾರು 160 ಹರ್ಟ್ಜ್‌ನಿಂದಲೇ ಸದ್ದು ಇಳಿಯತೊಡಗುತ್ತದೆ. 1 ಮೈಕ್ರೊಫ್ಯಾರಡ್ ಹಾಕಿದರೆ 16 ಹರ್ಟ್ಜ್. 10 ಹಾಕಿದರೆ 1.6. ಕ್ಯಾಪ್ಸೂಲ್ ಅದೇ, ಕೆಪಾಸಿಟರ್ ಒಂದನ್ನು ಬದಲಿಸಿದರೆ ಡಬ್ಬ ಹೋಗಿ ಡೊಳ್ಳು ಬರುತ್ತದೆ.

ಫೋನ್? ಅದನ್ನು ಮಾಡಿದ್ದು ಮಾತಿಗೆ. ಹಳೆಯ ಲ್ಯಾಂಡ್‌ಲೈನ್ 300ರಿಂದ 3,400 ಹರ್ಟ್ಜ್‌ವರೆಗೆ ಮಾತ್ರ ಸಾಗಿಸುತ್ತಿತ್ತು. ಈಗಿನ ಫೋನ್‌ಗಳು ಎಷ್ಟೋ ವಾಸಿ, ಆದರೂ ಬೇಸ್ ಕತ್ತರಿಸುವುದು, ಗದ್ದಲ ಒರೆಸುವುದು ತಂತಾನೆ ನಡೆಯುತ್ತದೆ. ಫೋನ್‌ನಲ್ಲೇ ಮಾಡುವುದಾದರೆ ಸೆಟ್ಟಿಂಗ್‌ನಲ್ಲಿ 'ಅನ್‌ಪ್ರಾಸೆಸ್ಡ್' ಅಥವಾ 'ರಾ' ಎಂದು ಇರುವ ಆಪ್ ಹುಡುಕಿ. ವಾಟ್ಸಾಪ್ ವಾಯ್ಸ್ ನೋಟ್‌ನಲ್ಲಿ ಡೊಳ್ಳು ಕಳಿಸುವುದು ಮಾತ್ರ ಬೇಡ.

ಸದ್ದಿನ ಮಟ್ಟ ಅಳೆಯುವ ಆಪ್ ಇಟ್ಟುಕೊಂಡವರಿಗೆ ಒಂದು ಮಾತು. ಅವು ಸಾಮಾನ್ಯವಾಗಿ ನಮ್ಮ ಕಿವಿ ಕೇಳುವ ರೀತಿಗೆ ಹೊಂದಿಸಿದ 'ಎ' ಲೆಕ್ಕದಲ್ಲಿ ತೋರಿಸುತ್ತವೆ. ಎ ಲೆಕ್ಕದಲ್ಲಿ 63 ಹರ್ಟ್ಜ್‌ನ ಸದ್ದಿಗೆ 26 ಡೆಸಿಬೆಲ್ ಕಳೆದು ತೋರಿಸುತ್ತಾರೆ, 20 ಹರ್ಟ್ಜ್‌ಗೆ 50. 'ಸಿ' ಅಥವಾ 'ಝಡ್'ಗೆ ಬದಲಿಸಿ ನೋಡಿ.

ಹೆಜ್ಜೆ 3: ಗಾಳಿ ಕಟ್ಟಿಹಾಕಿ

ಮೈಕ್ ಕೆಳಗಿನವರೆಗೂ ಕೇಳತೊಡಗಿತು ಅಂದರೆ ಮೊದಲು ಕೇಳುವುದು ಗಾಳಿಯನ್ನು. 'ಭಸ್ ಭಸ್' ಅನ್ನುವ ಆ ಸದ್ದು ದೂರದಿಂದ ಬಂದದ್ದಲ್ಲ, ಮೈಕ್‌ನ ಮೂತಿಯ ಮೇಲೆಯೇ ಗಾಳಿ ಸುಳಿ ಸುತ್ತುವುದರಿಂದ ಹುಟ್ಟಿದ್ದು. ಅದರ ಬಲವೆಲ್ಲ ನಮಗೆ ಬೇಕಾದ ಕೆಳಗಿನ ಭಾಗದಲ್ಲೇ ಇರುತ್ತದೆ. ಹಾಗಾಗಿ ಆಮೇಲೆ ಸೋಸಲು ಹೋದರೆ ಡೊಳ್ಳೂ ಹೋಗುತ್ತದೆ.

ಕಪ್ಪು ಸ್ಪಂಜು ಟೋಪಿ ಮನೆಯೊಳಗೆ ಸರಿ. ಹೊರಗೆ ಉದ್ದ ಕೂದಲಿನ ಕೃತಕ ತುಪ್ಪಳ ಬೇಕು. ಇನ್ನೂ ಒಳ್ಳೆಯದು ಮೈಕ್‌ಗೂ ತುಪ್ಪಳಕ್ಕೂ ನಡುವೆ ಒಂದಿಷ್ಟು ಖಾಲಿ ಜಾಗ ಬಿಡುವುದು. ನಾನು ಅಡುಗೆಮನೆಯ ಎರಡು ಸ್ಟೀಲ್ ಜಾಲರಿ ಸೋಸುಕಗಳನ್ನು ಬಾಯಿಗೆ ಬಾಯಿ ಸೇರಿಸಿ, ಮೇಲೆ ತುಪ್ಪಳದ ಬಟ್ಟೆ ಹೊಲಿಸಿದೆ. ಹೆಂಡತಿ ಇನ್ನೂ ಆ ಸೋಸುಕಗಳ ಲೆಕ್ಕ ಕೇಳುತ್ತಾಳೆ.

ಮೈಕನ್ನು ನೆಲದ ಹತ್ತಿರ ಇಡಿ. ಆಳೆತ್ತರದಲ್ಲಿ ಬೀಸುವ ಗಾಳಿ ನೆಲದ ಬಳಿ ತುಂಬ ನಿಧಾನ. ಬೆಳಗಿನ ಜಾವವಾದರೆ ಇನ್ನೂ ಒಳ್ಳೆಯದು. ಸ್ಟ್ಯಾಂಡ್‌ನ ಕಾಲಿನ ಕೆಳಗೆ ದಪ್ಪ ಸ್ಪಂಜು ಹಾಕಿ. ಇಲ್ಲದಿದ್ದರೆ ಕುಣಿಯುವವರ ಹೆಜ್ಜೆ ನೆಲದಿಂದ ಸ್ಟ್ಯಾಂಡ್ ಹತ್ತಿ ಮೈಕ್‌ಗೆ ಬರುತ್ತದೆ.

ಹೆಜ್ಜೆ 4: ಜಾಗ ಆರಿಸಿ, ಸಾಧ್ಯವಾದರೆ ಕಣದಲ್ಲಿ

ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 50 ಹರ್ಟ್ಜ್‌ನ ಒಂದೊಂದು ಅಲೆಯ ಉದ್ದ ಹತ್ತಿರ ಹತ್ತಿರ 7 ಮೀಟರ್. 20 ಹರ್ಟ್ಜ್‌ನದು 17 ಮೀಟರ್, ಒಂದೂವರೆ ಬಸ್ಸಿನಷ್ಟು. ಇಂಥ ಅಲೆಯನ್ನು ಹತ್ತು ಅಡಿ ಹನ್ನೆರಡು ಅಡಿ ಕೋಣೆಯಲ್ಲಿ ಹಿಡಿಯಲು ಹೋದರೆ ಅದು ಗೋಡೆಗೆ ಗುದ್ದಿ ವಾಪಸ್ ಬಂದು ತನಗೆ ತಾನೇ ಅಡ್ಡ ಬರುತ್ತದೆ. ಹನ್ನೆರಡು ಅಡಿ ಉದ್ದದ ಕೋಣೆ 47 ಹರ್ಟ್ಜ್‌ಗೆ, ಹತ್ತು ಅಡಿಯದು 56ಕ್ಕೆ ಅನುರಣಿಸುತ್ತದೆ. 343ನ್ನು ಗೋಡೆಯಿಂದ ಗೋಡೆಗಿರುವ ಮೀಟರಿನ ಎರಡರಷ್ಟರಿಂದ ಭಾಗಿಸಿದರೆ ನಿಮ್ಮ ಕೋಣೆಯ ಲೆಕ್ಕ ಸಿಗುತ್ತದೆ.

ನಂಬಿಕೆ ಬರದಿದ್ದರೆ ಹೀಗೆ ಮಾಡಿ. ಹೋಮ್ ಥಿಯೇಟರ್‌ನ ಬೇಸ್ ಡಬ್ಬವನ್ನು ಕೋಣೆಯ ಮೂಲೆಗಿಟ್ಟು ಆ ಲೆಕ್ಕದ ಹರ್ಟ್ಜ್‌ನ ಟೋನ್ ಹಾಕಿ. ಒಂದು ಗೋಡೆಯಿಂದ ಇನ್ನೊಂದರ ಕಡೆ ನಿಧಾನವಾಗಿ ನಡೆಯಿರಿ. ಗೋಡೆ ಬಳಿ ಹೊಟ್ಟೆ ನಡುಗುವಷ್ಟು ಸದ್ದು. ನಟ್ಟನಡುವೆ ಬಂದಾಗ ಯಾರೋ ಸ್ವಿಚ್ ಆರಿಸಿದ ಹಾಗೆ ಇಳಿದುಹೋಗುತ್ತದೆ. ಎರಡು ಹೆಜ್ಜೆ ಮುಂದಿಟ್ಟರೆ ಮತ್ತೆ ಬರುತ್ತದೆ. ನಿಮ್ಮ ಮೈಕ್ ಆ ನಡುವೆ ನಿಂತಿದ್ದರೆ ಏನಾಗುತ್ತಿತ್ತು, ನೋಡಿ.

ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿದರೆ ಆಗುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಆಗುವುದಿಲ್ಲ. ಏಳು ಮೀಟರ್ ಅಲೆಗೆ ಎರಡಿಂಚಿನ ಟ್ರೇ ಇದ್ದೂ ಇಲ್ಲದ ಹಾಗೆ. ಡೊಳ್ಳು, ತಮಟೆಯಂಥವನ್ನು ಬಯಲಲ್ಲಿ ಹಿಡಿಯುವುದೇ ಸರಿ. ಅಂಗಳ, ಕಣ, ಶಾಲೆಯ ಮೈದಾನ, ಯಾವುದಾದರೂ ಸರಿ. ಗೋಡೆಯಿಂದ ದೂರ ಇರಲಿ.

ಡೊಳ್ಳಿಗೆ ಒಂದು ಕಡೆ ಕೋಲು, ಇನ್ನೊಂದು ಕಡೆ ಬರಿಗೈ ಬೀಳುತ್ತದೆ. ಎರಡು ಮುಖವೂ ಒಂದೇ ಥರ ನುಡಿಯುವುದಿಲ್ಲ. ಮೈಕನ್ನು ಕೋಲಿನ ಬದಿಗೆ ತೀರಾ ಹತ್ತಿರ ಇಟ್ಟರೆ 'ಟಪ್' ಮಾತ್ರ ಸಿಗುತ್ತದೆ. ಬಾರಿಸುವವರ ಎದುರಿಗೆ ಎರಡು ಮೀಟರ್ ದೂರದಿಂದ ಶುರು ಮಾಡಿ. ಅರ್ಧ ಮೀಟರ್ ಹಿಂದೆ ಮುಂದೆ ಇಟ್ಟು ಒಂದೊಂದು ನಿಮಿಷ ರೆಕಾರ್ಡ್ ಮಾಡಿ ನೋಡಿ.

ಇಲ್ಲಿ ವಾದ್ಯದಿಂದ ವಾದ್ಯಕ್ಕೆ ದೊಡ್ಡ ವ್ಯತ್ಯಾಸವಿದೆ. 'ಒಂದು ಮನೆ' ಶ್ರುತಿಯ (ಹಾರ್ಮೋನಿಯಂನ ಬಿಳಿ ಒಂದು) ತಂಬೂರಿಯ ಮಂದ್ರ ತಂತಿ ಸುಮಾರು 65 ಹರ್ಟ್ಜ್. ಆದರೆ ಅದರ ಮೇಲೆ 130, 196, 261 ಅಂತ ಲೆಕ್ಕವಾಗಿ ಸಾಲು ಸ್ವರಗಳಿರುತ್ತವೆ. 65 ಕಳೆದುಹೋದರೂ ಉಳಿದವನ್ನು ಕೇಳಿ ಮಿದುಳು ಅದನ್ನು ತಾನೇ ತುಂಬಿಕೊಳ್ಳುತ್ತದೆ. ಲ್ಯಾಂಡ್‌ಲೈನ್‌ನಲ್ಲಿ ಅಪ್ಪನ ದಪ್ಪ ದನಿ ದಪ್ಪವಾಗಿಯೇ ಕೇಳುತ್ತಿದ್ದದ್ದು ಹೀಗೆ. ಮೃದಂಗಕ್ಕೂ ಈ ಲೆಕ್ಕ ಬರುವಂತೆ ನಮ್ಮ ಹಿರಿಯರು ಬಲ ಮುಖಕ್ಕೆ ಕರಣೆ, ಅಂದರೆ ಆ ಕಪ್ಪು ಲೇಪ, ಹಾಕಿದರು. ಅದು ಹೇಗೆ ಕೆಲಸ ಮಾಡುತ್ತದೆ ಎಂದು ಸಿ.ವಿ. ರಾಮನ್ 1920ರಲ್ಲಿ ಬರೆದರು, ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಇನ್ನಷ್ಟು ವಿವರವಾಗಿ. ಬರೀ ಚರ್ಮದ ಮುಖಕ್ಕೆ ಆ ಲೆಕ್ಕವಿಲ್ಲ. ಮೂಲ ಸದ್ದಿನ 1.59ರಷ್ಟು, 2.14ರಷ್ಟು ಎಂದು ಅದರ ಮೇಲಿನ ಸದ್ದುಗಳು ಅಡ್ಡಾದಿಡ್ಡಿ. ಅದಕ್ಕೇ ಡೊಳ್ಳಿನ ಬುಡ ಕತ್ತರಿಸಿದರೆ ಮಿದುಳಿಗೂ ತುಂಬಿಕೊಳ್ಳಲು ದಾರಿಯಿಲ್ಲ. ಹಿರಿಯರಿಗೆ ತಗಡು ಕೇಳಿಸಿದ್ದು ಸುಮ್ನೆ ಅಲ್ಲ.

ಹೆಜ್ಜೆ 5: ಲೆವೆಲ್ ಇಟ್ಟು ಒತ್ತಿ

ವೇವ್ ಫೈಲ್, 24 ಬಿಟ್, 48 ಕಿಲೋಹರ್ಟ್ಜ್. ಇಷ್ಟೇ. 96, 192 ಕಿಲೋಹರ್ಟ್ಜ್ ಇಟ್ಟರೆ ಜಾಗ ತಿನ್ನುತ್ತದೆ, ಅದು ಮೇಲಿನ ತುದಿಗೆ ಸಂಬಂಧಿಸಿದ್ದು, ಬೇಸ್‌ಗೆ ಕವಡೆ ಕಾಸಿನ ಉಪಯೋಗವಿಲ್ಲ. ಆಟೊ ಲೆವೆಲ್ ಆಫ್ ಇರಲಿ. ರೆಕಾರ್ಡರ್‌ನ ಮೀಟರಿನಲ್ಲಿ ಸೊನ್ನೆಯೇ ಮೇಲಿನ ಮಿತಿ; ಅತಿ ಜೋರಿನ ಪೆಟ್ಟು ಮೈನಸ್ 12 ಡೆಸಿಬೆಲ್ ಮುಟ್ಟುವಂತೆ ಇಡಿ. ತಂಡ ಕಾವೇರಿದ ಮೇಲೆ ಪೆಟ್ಟು ಇನ್ನೂ ಜೋರಾಗುತ್ತದೆ, ಆ ಜಾಗ ಅದಕ್ಕೆ. 32 ಬಿಟ್ ಫ್ಲೋಟ್ ರೆಕಾರ್ಡರ್ ಇದ್ದವರು ಲೆವೆಲ್ ಚಿಂತೆ ಬಿಡಬಹುದು, ಆದರೆ ಮೈಕ್‌ನ ಕ್ಯಾಪ್ಸೂಲೇ ತಡೆದುಕೊಳ್ಳದಿದ್ದರೆ ಯಾವ ಬಿಟ್ಟೂ ಕಾಯುವುದಿಲ್ಲ.

ನಿಮ್ಮ ಕಿವಿಗೆ ಪ್ಲಗ್ ಹಾಕಿಕೊಳ್ಳಿ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು ಎನ್ನುವುದು ಅಮೆರಿಕದ ಕಾರ್ಮಿಕರ ಆರೋಗ್ಯ ಸಂಸ್ಥೆಯೊಂದರ ಲೆಕ್ಕ. 3 ಡೆಸಿಬೆಲ್ ಏರಿದಂತೆಲ್ಲ ಆ ಹೊತ್ತು ಅರ್ಧವಾಗುತ್ತದೆ. 100 ಡೆಸಿಬೆಲ್ ಅಂದರೆ ಕಾಲು ಗಂಟೆ. ವಯಸ್ಸು ಹೇಗೂ ಕದಿಯುತ್ತದೆ, ಕಳ್ಳನ ಕೈಗೆ ನಾವೇ ಬೀಗದ ಕೈ ಕೊಡುವುದು ಯಾಕೆ?

ಹೆಜ್ಜೆ 6: ಕಣ್ಣಿನಿಂದ ಕೇಳಿ

ಸ್ಥಳ ಬಿಡುವ ಮೊದಲೇ ಇದನ್ನು ಮಾಡಿ. ಲ್ಯಾಪ್‌ಟಾಪ್ ಇದ್ದರೆ ಆಡಾಸಿಟಿಯಲ್ಲಿ ಒಂದು ನಿಮಿಷದ ತುಣುಕು ತೆರೆಯಿರಿ. ಅನಲೈಜ್ ಮೆನುವಿನಲ್ಲಿ ಪ್ಲಾಟ್ ಸ್ಪೆಕ್ಟ್ರಮ್. ಸೈಜ್ ಎಂಬಲ್ಲಿ ಮೊದಲಿರುವ ಚಿಕ್ಕ ಸಂಖ್ಯೆ ಬಿಟ್ಟು 65536 ಆರಿಸಿ. ಆಗ ಒಂದು ಹರ್ಟ್ಜ್‌ಗಿಂತ ಸಣ್ಣ ವ್ಯತ್ಯಾಸವೂ ಕಾಣುತ್ತದೆ. ಆಕ್ಸಿಸ್ ಲಾಗ್ ಮಾಡಿ, ಎಡಗಡೆ ನೋಡಿ. ಲ್ಯಾಪ್‌ಟಾಪ್ ಇಲ್ಲವೇ? ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಎಂಬ ಉಚಿತ ಆಪ್‌ನಲ್ಲೂ ಸದ್ದಿನ ಗ್ರಾಫ್ ನೋಡಬಹುದು.

ನನ್ನ ಜಾತ್ರೆಯ ಫೈಲ್ ತೆರೆದಾಗ ಕಂಡದ್ದು ಹೀಗೆ: ಬಲಗಡೆಯಿಂದ ಗುಡ್ಡಗಳ ಸಾಲು ಬರುತ್ತದೆ, 80ರ ಬಳಿ ಯಾರೋ ಕತ್ತಿಯಿಂದ ಸವರಿದ ಹಾಗೆ ಇಳಿಜಾರು. ನಿಜವಾದ ವಾದ್ಯದ ಸದ್ದು ಹಾಗೆ ಇಳಿಯುವುದಿಲ್ಲ. ಗುಡ್ಡ ಕಾಣಬೇಕು, ಕಡಿದಾದ ಇಳಿಜಾರು ಕಂಡರೆ ಎಲ್ಲೋ ಕಾವಲುಗಾರ ಇದ್ದಾನೆ ಎಂದೇ ಲೆಕ್ಕ.

ಸೂಜಿಯಂಥ ನೆಟ್ಟನೆ ಗೆರೆಗಳೂ ಕಾಣಬಹುದು. 50ರಲ್ಲಿ ನಿಂತಿದ್ದರೆ ಕರೆಂಟಿನ ಗುಂಯ್, ವೈರ್ ಅಥವಾ ಚಾರ್ಜರ್ ನೋಡಿ. 100ರಲ್ಲಿದ್ದರೆ ಹತ್ತಿರದಲ್ಲಿ ಟ್ರಾನ್ಸ್‌ಫಾರ್ಮರ್ ಇರಬಹುದು. ಕರೆಂಟ್ 50 ಹರ್ಟ್ಜ್ ಆದರೂ ಅದರ ಕಬ್ಬಿಣದ ತಿರುಳು ಪ್ರತಿ ಸುತ್ತಿಗೆ ಎರಡು ಸಲ ಹಿಗ್ಗಿ ಕುಗ್ಗುತ್ತದೆ. 25ರಲ್ಲಿ ಗೆರೆ ಕಂಡರೆ ಜಾತ್ರೆಯ ಡೀಸೆಲ್ ಜನರೇಟರ್ ಮೇಲೆ ನನಗೆ ಅನುಮಾನ. ದೊಡ್ಡವು ನಿಮಿಷಕ್ಕೆ 1,500 ಸುತ್ತು, ಅಂದರೆ ಸೆಕೆಂಡಿಗೆ 25 ಸುತ್ತು ಹೊಡೆಯುತ್ತವೆ. ಕಿವಿಗೆ ಒಂದೂ ಗೊತ್ತಾಗಿರುವುದಿಲ್ಲ.

ಹೆಜ್ಜೆ 7: 20ಕ್ಕಿಂತ ಕೆಳಗೆ ಇಳಿಯುವವರಿಗೆ

ಇದು ಚಟ. ಒಮ್ಮೆ ಹಿಡಿದರೆ ಬಿಡುವುದಿಲ್ಲ.

ಸುಲಭವಾದ ಮೂಲ ನಿಮ್ಮ ಕಾರಿನಲ್ಲೇ ಇದೆ. ಹೆದ್ದಾರಿಯಲ್ಲಿ ಹಿಂದಿನ ಒಂದೇ ಕಿಟಕಿ ಇಳಿಸಿದರೆ ಕಿವಿಯೊಳಗೆ 'ದಬ್ ದಬ್ ದಬ್' ಅಂತ ಒತ್ತುತ್ತದೆ, ಅಲ್ವಾ? ಇಡೀ ಕಾರು ಬಾಟಲಿಯ ಬಾಯಿಗೆ ಊದಿದ ಹಾಗೆ ನುಡಿಯುತ್ತಿರುತ್ತದೆ, 20 ಹರ್ಟ್ಜ್‌ನ ಆಸುಪಾಸಿನಲ್ಲಿ. ರೆಕಾರ್ಡರ್ ಅನ್ನು ಗಾಳಿ ತಾಗದಂತೆ ಮುಂದಿನ ಸೀಟಿನ ಕೆಳಗಿಟ್ಟು ಅರ್ಧ ನಿಮಿಷ ಹಿಡಿಯಿರಿ. ಓಡಿಸುವವರು ಬೇರೆಯವರಿರಲಿ. ಮನೆಯ ಸೀಲಿಂಗ್ ಫ್ಯಾನ್ ಇನ್ನೊಂದು ಮೂಲ. ನಿಮಿಷಕ್ಕೆ 300 ಸುತ್ತು ಅಂದರೆ ಸೆಕೆಂಡಿಗೆ 5, ಮೂರು ರೆಕ್ಕೆ, ಹಾಗಾಗಿ 15 ಹರ್ಟ್ಜ್. ಇದು ತುಂಬ ಮೆತ್ತಗಿರುತ್ತದೆ. ಗಾಳಿ ಬಡಿಯದ ಮೂಲೆಯಲ್ಲಿ ಮೈಕ್ ಇಟ್ಟು ಐದು ನಿಮಿಷ ರೆಕಾರ್ಡ್ ಮಾಡಿ. ಗ್ರಾಫ್‌ನಲ್ಲಿ 15ರ ಬಳಿ ಗೆರೆ ಎದ್ದರೆ ನಿಮ್ಮ ಮೈಕ್ ಪಾಸ್.

ಈಗ ಕೇಳಿಸಿಕೊಳ್ಳುವುದು ಹೇಗೆ? ವೇಗ ಹೆಚ್ಚಿಸಿ. ಎಫೆಕ್ಟ್‌ಗಳಲ್ಲಿ ಸ್ಪೀಡ್ ಮತ್ತು ಪಿಚ್ ಎರಡನ್ನೂ ಒಟ್ಟಿಗೆ ಬದಲಿಸುವುದಿದೆ. ಹತ್ತು ಪಟ್ಟು ಮಾಡಿದರೆ 18 ಹರ್ಟ್ಜ್ 180 ಆಗುತ್ತದೆ. ಟೆಂಪೊ ಬದಲಿಸುವುದನ್ನು ಆರಿಸಬೇಡಿ, ಅದರಲ್ಲಿ ಶ್ರುತಿ ಏರುವುದಿಲ್ಲ.

ಆನೆಗಳ ಗುಟ್ಟು ಹೊರಬಿದ್ದದ್ದೂ ಹೀಗೆಯೇ. 1984ರಲ್ಲಿ ಕೇಟಿ ಪೇಯ್ನ್ ಅಮೆರಿಕದ ಪೋರ್ಟ್‌ಲ್ಯಾಂಡ್ ಮೃಗಾಲಯದಲ್ಲಿ ಏಷ್ಯಾದ ಆನೆಗಳ ಹತ್ತಿರ ಕೂತಿದ್ದಾಗ ಏನೂ ಕೇಳಿಸದೆ ಗಾಳಿ ಮಾತ್ರ ಮಿಡಿದಂತೆ ಅನಿಸಿತು. ರೆಕಾರ್ಡ್ ಮಾಡಿ ವೇಗ ಹೆಚ್ಚಿಸಿದಾಗ ಕರೆಗಳು ಸಿಕ್ಕವು, 14ರಿಂದ 24 ಹರ್ಟ್ಜ್ ನಡುವೆ. ದೇಶದಲ್ಲೇ ಅತಿ ಹೆಚ್ಚು ಕಾಡಾನೆ ಇರುವುದು ಕರ್ನಾಟಕದಲ್ಲಿ. ಅಂದಮಾತ್ರಕ್ಕೆ ಮೈಕ್ ಹಿಡಿದು ಕಾಡಿಗೆ ನುಗ್ಗಬೇಡಿ. ಅನುಮತಿ ಬೇಕು, ಜೀವವೂ ಬೇಕು.

ಹೆಜ್ಜೆ 8: ಕೊನೆಯ ಕಿವಿ ಮಗುವಿನದು

ಕಳೆದ ವರ್ಷ ಅದೇ ಹಳ್ಳಿಗೆ ಹೋದೆ. ಜಾತ್ರೆಯ ಗಲಾಟೆ ಬೇಡ ಅಂತ ಬೆಳಗ್ಗೆ ಆರಕ್ಕೆ, ಕಣದಲ್ಲಿ. ಲೋ ಕಟ್ ಆಫ್, ಓಮ್ನಿ ಮೈಕ್, ಸೋಸುಕದ ಬುರುಡೆ. ಅಲ್ಲೇ ಗ್ರಾಫ್ ನೋಡಿದೆ. ಎಡಗಡೆ ಒಳ್ಳೆಯ ಗುಡ್ಡ ಎದ್ದಿತ್ತು. ಹಿರಿಯರಿಗೆ ಹೆಡ್‌ಫೋನ್ ಕೊಟ್ಟೆ. ಅವರು ಕಣ್ಣು ಮುಚ್ಚಿ ತೊಡೆಯ ಮೇಲೆ ಬೆರಳಲ್ಲಿ ಗತ್ತು ಹಾಕತೊಡಗಿದರು. "ಈಗ ಸರಿ ಐತೆ" ಅಂದರು.

ಮನೆಗೆ ಬಂದು ಮಗಳಿಗೆ ಹಾಕಿದೆ. ಅವಳು ಹತ್ತು ಸೆಕೆಂಡಿಗೆ ಹೆಡ್‌ಫೋನ್ ಕಿತ್ತಳು. "ಅಪ್ಪಾ, ಡೊಳ್ಳು ಓಕೆ. ಆದ್ರೆ ಈ ಕೀ ಅನ್ನೋದನ್ನ ಹೇಗೆ ಕೇಳ್ತೀಯ?"

ಯಾವ ಕೀ? ನನಗೂ ಇಲ್ಲ, ಹಿರಿಯರಿಗೂ ಇಲ್ಲ. ಸ್ಪೆಕ್ಟ್ರೋಗ್ರಾಮ್ (ಯಾವ ಹೊತ್ತಿನಲ್ಲಿ ಯಾವ ಹರ್ಟ್ಜ್ ಎಂದು ತೋರಿಸುವ ಚಿತ್ರ) ತೆರೆದು, ಈ ಸಲ ಮೇಲಿನ ತುದಿ ನೋಡಿದೆ. 16,000ದ ಹತ್ತಿರ ಶುರುವಿನಿಂದ ಕೊನೆಯವರೆಗೆ ಒಂದು ತೆಳ್ಳನೆ ಗೆರೆ. ರೆಕಾರ್ಡರ್‌ಗೆ ಸಿಕ್ಕಿಸಿದ್ದ ಪವರ್ ಬ್ಯಾಂಕ್‌ದು. ಡೊಳ್ಳಿಗೆ ಅಷ್ಟು ಮೇಲೆ ಏನೂ ಮುಖ್ಯವಾದ್ದು ಇರಲಿಲ್ಲ, 14,000ದ ಮೇಲಿನದನ್ನು ಫಿಲ್ಟರ್ ಹಾಕಿ ತೆಗೆದೆ. ಅದೂ ಪ್ರತಿಯಲ್ಲಿ ಮಾತ್ರ, ಮೂಲ ಫೈಲ್ ಹಾಗೇ ಇದೆ. ಫೈಲ್ ಹೆಸರಿನ ಜೊತೆಗೆ ಮೈಕ್ ಯಾವುದು, ಎಷ್ಟು ದೂರ, ಯಾವ ಫಿಲ್ಟರ್ ಎಂದು ಬರೆದಿಡುತ್ತೇನೆ. ಈಗ ಅದರ ಕೆಳಗೆ ಇನ್ನೊಂದು ಸಾಲು ಸೇರಿದೆ: "ಮಗಳು ಕೇಳಿದಳು, ಕೀ ಇಲ್ಲ."